ಮನೆಯ ಹೊರಗೋಡೆಗೆ ತಕ್ಕ ಹೊದಿಕೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯು ಮನೆ ಕಟ್ಟುವುದರ ಕಷ್ಟವನ್ನು ತಿಳಿಸುವುದೇ ಹೊರತು, ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವ ಬಗೆಯನ್ನು ತಿಳಿಸುವುದಿಲ್ಲ. ರೈತನು ಹೊಲಕ್ಕೆ ಬದು ಹಾಕುವನು, ಬಾವಿಗೆ ಕಟ್ಟೆ ಕಟ್ಟುವನು, ಬಣವೆಯ ನೆತ್ತಿಗೆ ಹುಲ್ಲು ಹೊದಿಸುವನು. ಆದರೆ ತಾನೂ ತನ್ನ ದನಕರುಗಳೂ ವರ್ಷದ ದವಸಧಾನ್ಯಗಳೂ ಆಶ್ರಯಿಸಿರುವ ಮನೆಯ ಹೊರಗೋಡೆಯನ್ನು ಮಾತ್ರ ಅನೇಕರು ಮಳೆಗಾಳಿಗಳ ಪಾಲಿಗೆ ಬಿಟ್ಟಿರುವರು. ಇದರ ಫಲವು ಸಾಮಾನ್ಯ ವರ್ಷಗಳಲ್ಲಿ ಕಾಣದು; ಮಳೆಯು ಮಿತಿಮೀರಿದ ವರ್ಷ ಒಮ್ಮೆಲೇ ಕಾಣುವುದು.

2009ರ ಸೆಪ್ಟೆಂಬರ್ ಕಡೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಹಸ್ತೆಯ ಮಳೆಯು ಬಿಡದೆ ಸುರಿದಾಗ ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳ, ಗದಗ ಮೊದಲಾದ ಜಿಲ್ಲೆಗಳಲ್ಲಿ ಅಸಂಖ್ಯಾತ ಮಣ್ಣಿನ ಮನೆಗಳು ಕುಸಿದವು. 2019ರ ಆಗಸ್ಟ್ ತಿಂಗಳಲ್ಲಿ ಬೆಳಗಾವಿ ಮುಂತಾದ ಜಿಲ್ಲೆಗಳಲ್ಲಿ ಅದೇ ಹಾನಿಯು ಮತ್ತೊಮ್ಮೆ ಸಂಭವಿಸಿತು. ಹೊಳೆಯ ನೀರು ಊರೊಳಕ್ಕೆ ನುಗ್ಗಿದಲ್ಲಿ ಮನುಷ್ಯಪ್ರಯತ್ನಕ್ಕೆ ಎಡೆಯು ಅಲ್ಪ. ಆದರೆ ಹೊಳೆಯ ನೀರು ಸೋಕದ ಕಡೆಯಲ್ಲಿಯೂ, ಮಳೆಯಲ್ಲಿ ನೆನೆದುದರಿಂದಲೇ ಬೀಳುವ ಗೋಡೆಗಳುಂಟು. ಅಂಥವುಗಳಲ್ಲಿ ಬಹುಭಾಗವನ್ನು ಮುಂಚಿತವಾಗಿ ಎಚ್ಚರವಹಿಸಿ ಉಳಿಸಿಕೊಳ್ಳಬಹುದು. ಅದಕ್ಕೆ ಹೆಚ್ಚು ಹಣವು ಬೇಕಿಲ್ಲ. ಗೋಡೆಯ ಸ್ವಭಾವವನ್ನು ಅರಿತು ಅದಕ್ಕೆ ಹೊಂದುವ ಹೊದಿಕೆಯನ್ನು ಕ್ರಮವಾಗಿ ಹಾಕುವ ತಿಳಿವಳಿಕೆ ಬೇಕು.

ಗೋಡೆಯು ಕೆಡುವ ಬಗೆ

ಗೋಡೆಗೆ ನೀರು ಮೂರು ದಾರಿಗಳಿಂದ ಬರುವುದು. ಗಾಳಿಯಿಂದ ಹೊಡೆಯಲ್ಪಟ್ಟ ಎರಚಲು ಒಂದು. ಸೂರಿನಿಂದ ನೆಲಕ್ಕೆ ಬಿದ್ದು ಹಿಂದಕ್ಕೆ ಸಿಡಿಯುವ ಹನಿಯು ಎರಡನೆಯದು. ಇದು ಗೋಡೆಯ ಬುಡವನ್ನು ಒಂದು, ಒಂದೂವರೆ ಅಡಿಯ ಎತ್ತರದವರೆಗೆ ಕೊರೆಯುವುದು. ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಗೋಡೆಯು ನೆಲದಿಂದ ಹೀರಿಕೊಳ್ಳುವ ತೇವವು ಮೂರನೆಯದು. ಈ ತೇವದ ಸಂಗಡ ಭೂಮಿಯ ಲವಣಗಳೂ ಮೇಲೇರುವುವು. ನೀರು ಆರಿದ ಮೇಲೆ ಲವಣವು ಬಿಳಿಯ ಹಿಟ್ಟಿನಂತೆ ಹೊರಬಂದು, ಗಿಲಾವನ್ನು ಒಳಗಿನಿಂದ ಒದ್ದು ಉದುರಿಸುವುದು.

ಒಣಗಿದ ಮಣ್ಣಿನ ಗೋಡೆಯು ತಲೆಮಾರುಗಳ ಕಾಲ ಚಾವಣಿಯ ಭಾರವನ್ನು ಹೊರಬಲ್ಲುದು. ಅದೇ ಗೋಡೆಯು ಬುಡದಲ್ಲಿ ನೆನೆದರೆ ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುವುದು. ಮಳೆ ನಿಂತರೂ ಮರದ ಹನಿ ನಿಲ್ಲದೆಂಬಂತೆ, ಹೀರಿಕೊಂಡ ನೀರು ಮಳೆಯು ನಿಂತ ಮೇಲೆಯೂ ಗೋಡೆಯೊಳಗೆ ತನ್ನ ಕೆಲಸವನ್ನು ನಡೆಸುತ್ತಿರುವುದು. ಬಿಸಿಲು ಬಂದಿತೆಂದು ಜನರು ಧೈರ್ಯವಾಗಿ ಒಳಗೆ ಮಲಗಿದ ರಾತ್ರಿಯಲ್ಲಿ ಗೋಡೆಗಳು ಬೀಳುವುದುಂಟು.

ಇದರಿಂದ ಒಂದು ಸೂತ್ರವು ಸಿದ್ಧಿಸುವುದು. ಹೊದಿಕೆಯು ಹೊರಗಿನ ನೀರನ್ನು ತಡೆದರೆ ಸಾಲದು. ಒಳಗೆ ಸೇರಿದ ತೇವವು ಹೊರಕ್ಕೆ ಆರುವುದಕ್ಕೂ ಎಡೆಗೊಡಬೇಕು. ಹೊರಗಿನ ಪದರವು ಒಳಗಿನ ಗೋಡೆಗಿಂತ ಹೆಚ್ಚು ಗಟ್ಟಿಯಾಗಿ ಇರಕೂಡದು. ಮುಂದೆ ಹೇಳುವುದೆಲ್ಲವೂ ಈ ಸೂತ್ರದ ವಿವರಣೆಯೇ ಆಗಿರುವುದು.

ಮೊದಲು ಸೂರು ಮತ್ತು ಪಾದ

ಎಂತಹ ಉತ್ತಮ ಗಿಲಾವೂ ಕೆಟ್ಟ ಸೂರಿನ ಕೆಳಗೆ ನಿಲ್ಲಲಾರದು. 30 ಅಡಿ ಉದ್ದ, 15 ಅಡಿ ಅಗಲವುಳ್ಳ ಚಾವಣಿಯ ಒಂದು ಇಳಿಜಾರಿನ ಮೇಲೆ ಒಂದೇ ಅಂಗುಲ ಮಳೆ ಬಿದ್ದರೆ ಸುಮಾರು 1,000 ಲೀಟರು ನೀರು ಆ ಒಂದು ಸೂರಿನಿಂದ ಕೆಳಗೆ ಇಳಿಯುವುದು. ಆದುದರಿಂದ ಬಯಲುಸೀಮೆಯಲ್ಲಿ ಸೂರು ಗೋಡೆಯಿಂದ ಎರಡಡಿಯಾದರೂ, ಮಲೆನಾಡಿನಲ್ಲಿ ಮೂರಡಿಗೆ ಕಡಮೆಯಿಲ್ಲದೆಯೂ ಹೊರಕ್ಕೆ ಚಾಚಿರತಕ್ಕದ್ದು. ಮಾಳಿಗೆಯ ಮನೆಗಳಲ್ಲಿ ನೀರು ಹೊರಚೆಲ್ಲುವ ದೋಣಿಗಳು ಗೋಡೆಯಿಂದ ಎರಡಡಿಯಷ್ಟು ಮುಂದಕ್ಕೆ ಇರಬೇಕು. ದೋಣಿಯ ತುದಿಯು ಮುರಿದು ನೀರು ಗೋಡೆಯ ಮೇಲೆಯೇ ಹರಿಯುತ್ತಿರುವುದು ಅನೇಕ ಊರುಗಳಲ್ಲಿ ಕಂಡುಬರುವ ದೋಷ; ಇದನ್ನು ಸರಿಪಡಿಸಲು ಅರ್ಧ ದಿನದ ಕೆಲಸವು ಸಾಕು.

ಗೋಡೆಯ ಪಾದವು ನೆಲದಿಂದ ಒಂದೂವರೆ ಅಡಿಯ ಎತ್ತರದವರೆಗಾದರೂ ಕಲ್ಲಿನ ಕಟ್ಟಡವಾಗಿರುವುದು ಲೇಸು. ಹೊರಜಗಲಿಯು ಹಿರಿಯರು ಕುಳಿತುಕೊಳ್ಳುವುದಕ್ಕೆ ಮಾತ್ರ ಏರ್ಪಟ್ಟುದಲ್ಲ. ಸಿಡಿಯುವ ಹನಿಯನ್ನು ಗೋಡೆಯಿಂದ ದೂರವಿಡುವುದೂ ಅದರ ಉಪಯೋಗವಾಗಿರುವುದು. ಸುತ್ತಲೂ ಮೂರಡಿಯ ಅಗಲಕ್ಕೆ ಗೊರಸು ಕೂಡಿದ ಮಣ್ಣನ್ನು ಹಾಕಿ ದಮ್ಮಸ್ಸು ಮಾಡಿ, ಗೋಡೆಯಿಂದ ಹೊರಕ್ಕೆ ಎರಡು ಅಂಗುಲದಷ್ಟು ಇಳುಕಲು ಕೊಡಬೇಕು. ತಿಪ್ಪೆ, ಸೌದೆಯ ರಾಶಿ, ಬಚ್ಚಲಿನ ನೀರು ಇವುಗಳನ್ನು ಗೋಡೆಯ ಬುಡಕ್ಕೆ ಸೇರಿಸಲೇಕೂಡದು. ಇವು ತೇವವನ್ನೂ ಗೆದ್ದಲನ್ನೂ ಒಟ್ಟಿಗೆ ಕರೆತರುವುವು.

ಮಣ್ಣಿನ ಗೋಡೆಗೆ ಮಣ್ಣಿನ ಗಿಲಾವು

ಮಣ್ಣಿನ ಗೋಡೆಗೆ ಮಣ್ಣಿನ ಗಿಲಾವೇ ಸ್ವಭಾವಕ್ಕೆ ಒಪ್ಪುವ ಹೊದಿಕೆ. ಎರಡೂ ಒಂದೇ ರೀತಿಯಾಗಿ ತೇವದಲ್ಲಿ ಹಿಗ್ಗುವುವು, ಬಿಸಿಲಿನಲ್ಲಿ ಕುಗ್ಗುವುವು. ಆದ್ದರಿಂದ ಒಂದನ್ನೊಂದು ಬಿಡುವುದಿಲ್ಲ.

ಮಣ್ಣನ್ನು ಆರಿಸುವುದರಲ್ಲಿ ಎಚ್ಚರವಿರಬೇಕು. ಎರೆಮಣ್ಣು ನೆನೆದಾಗ ಬಹಳವಾಗಿ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಗಿಲಾವಿಗೆ ಒದಗದು. ಬಳ್ಳಾರಿಯ ಕಡೆ ಮಾಳಿಗೆಯ ಮೇಲೆ ಹರಡುವ ಚೌಳುಮಣ್ಣು ಚಾವಣಿಯಲ್ಲಿ ನೀರನ್ನು ತಡೆಯುವುದಾದರೂ, ಅದರ ಲವಣವು ಗೋಡೆಗೆ ಶತ್ರು. ಮೇಲ್ಮಣ್ಣಿನಲ್ಲಿ ಬೇರು, ಗೊಬ್ಬರಗಳು ಬೆರೆತಿರುವುದರಿಂದ ಒಂದೆರಡು ಅಡಿ ಅಗೆದು ಕೆಳಗಿನ ಕೆಮ್ಮಣ್ಣನ್ನು ತೆಗೆದುಕೊಳ್ಳಬೇಕು. ಪರೀಕ್ಷೆಯು ಸುಲಭ. ಗಾಜಿನ ಸೀಸೆಯ ಮೂರನೆಯ ಒಂದು ಭಾಗಕ್ಕೆ ಮಣ್ಣನ್ನೂ ಉಳಿದುದಕ್ಕೆ ನೀರನ್ನೂ ತುಂಬಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿವಸ ಬಿಟ್ಟರೆ, ಮರಳು ತಳದಲ್ಲಿಯೂ ನವುರಾದ ಮಣ್ಣು ಅದರ ಮೇಲೆಯೂ ಜೇಡಿಯು ಎಲ್ಲಕ್ಕೂ ಮೇಲೆಯೂ ಪದರಪದರವಾಗಿ ನಿಲ್ಲುವುದು. ಮರಳಿನ ಪದರವು ಎಲ್ಲಕ್ಕಿಂತ ದಪ್ಪವಾಗಿದ್ದು, ಜೇಡಿಯು ಅಂಟಿಗೆ ಬೇಕಾದಷ್ಟು ಮಾತ್ರ ಇರುವ ಮಣ್ಣು ಉತ್ತಮ.

ಮರಳನ್ನು ಎಷ್ಟು ಬೆರೆಸಬೇಕೆಂಬುದನ್ನು ಗೋಡೆಯೇ ಹೇಳುವುದು. ಒಂದು ಪಾಲು ಮಣ್ಣಿಗೆ ಒಂದು, ಎರಡು, ಮೂರು ಪಾಲು ಮರಳು ಸೇರಿಸಿದ ಮೂರು ಮಾದರಿಗಳನ್ನು ಗೋಡೆಯ ಮೇಲೆ ಒಂದೊಂದು ಚದರಡಿ ಮೆತ್ತಿ ಒಂದು ವಾರ ಬಿಡಬೇಕು. ಬಿರುಕು ಬಿಟ್ಟುದರಲ್ಲಿ ಜೇಡಿಯು ಹೆಚ್ಚು. ಬೆರಳಿಂದ ಉಜ್ಜಿದರೆ ಉದುರುವುದರಲ್ಲಿ ಮರಳು ಹೆಚ್ಚು. ಬಿರಿಯದೆಯೂ ಉದುರದೆಯೂ ನಿಂತ ಮಾದರಿಯೇ ಆ ಊರಿನ ಮಣ್ಣಿಗೆ ತಕ್ಕ ಪ್ರಮಾಣ.

ಆ ಮಿಶ್ರಣಕ್ಕೆ ಒಂದಂಗುಲದಷ್ಟು ಕತ್ತರಿಸಿದ ಹುಲ್ಲನ್ನಾಗಲಿ ಹೊಟ್ಟನ್ನಾಗಲಿ ಸೇರಿಸಿ, ನೀರು ಹಾಕಿ ತುಳಿದು, ಒಂದು ವಾರ ನೆನೆಯಬಿಟ್ಟು ನಡುನಡುವೆ ಮತ್ತೆ ತುಳಿಯಬೇಕು. ಹುಲ್ಲು ಕೊಳೆತು ಮಣ್ಣಿಗೆ ಹದ ಬರುವುದು. ಗೋಡೆಯ ಮೇಲಿನ ಹಳೆಯ ಸಡಿಲು ಪದರವನ್ನೂ ಧೂಳನ್ನೂ ಕೆರೆದು, ಮೇಲ್ಮೈಯನ್ನು ಗೀರುಗೀರಾಗಿ ಮಾಡಿ, ನೀರು ಚಿಮುಕಿಸಿ, ಅರ್ಧ ಅಂಗುಲದ ಮೊದಲ ಪದರವನ್ನು ಒತ್ತಿ ಮೆತ್ತಬೇಕು. ಅದು ಪೂರ್ಣವಾಗಿ ಒಣಗಿದ ಮೇಲೆಯೇ ಎರಡನೆಯ ತೆಳುಪದರ. ಅದಕ್ಕೆ ಮಣ್ಣನ್ನು ಜರಡಿ ಹಿಡಿದು ಸಗಣಿಯನ್ನು ಸೇರಿಸುವುದು ವಾಡಿಕೆ. ಕೊನೆಗೆ ಸುಣ್ಣದ ತಿಳಿಯನ್ನು ಎರಡು ಮೂರು ಸಲ ಬಳಿದರೆ ಎರಚಲನ್ನು ತಕ್ಕಮಟ್ಟಿಗೆ ತಡೆಯುವುದು. ಸುಣ್ಣವನ್ನು ಒಂದೇ ಸಲ ದಪ್ಪವಾಗಿ ಬಳಿದರೆ ಹೆಕ್ಕಳಿಕೆಯಾಗಿ ಏಳುವುದು. ತೆಳ್ಳಗೆ ಹಲವು ಸಲ ಬಳಿಯುವುದೇ ಕ್ರಮ.

ಹೊಸದಾಗಿ ಕಟ್ಟುವವರು ಮಣ್ಣಿನ ಇಟ್ಟಿಗೆಯನ್ನೇ ಬಲಪಡಿಸಿಕೊಳ್ಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ "ಅಸ್ತ್ರ" ಎಂಬ ಗ್ರಾಮೋಪಯೋಗಿ ವಿಭಾಗದವರು, ಮಣ್ಣಿಗೆ ಅಲ್ಪಪ್ರಮಾಣದ ಸಿಮೆಂಟನ್ನು ಬೆರೆಸಿ ಕೈಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಯನ್ನು ಬಳಕೆಗೆ ತಂದರು. ಇವನ್ನು ಸುಡಬೇಕಾದುದಿಲ್ಲ, ಆದುದರಿಂದ ಸೌದೆಯು ಉಳಿಯುವುದು. ಸೂರು ಪಾದಗಳು ಸರಿಯಾಗಿದ್ದಲ್ಲಿ ಗಿಲಾವಿಲ್ಲದೆಯೇ ಇವು ನಿಲ್ಲುವುದುಂಟು.

ಸುಣ್ಣದ ಗಾರೆ

ಇಟ್ಟಿಗೆ, ಕಲ್ಲು, ಜಂಬಿಟ್ಟಿಗೆಗಳ ಗೋಡೆಗೆ ಸುಣ್ಣದ ಗಾರೆಯು ಪರೀಕ್ಷಿತವಾದ ಹೊದಿಕೆ. ಹಂಪೆಯ ಗೋಪುರಗಳ ಇಟ್ಟಿಗೆಯ ಕೆಲಸವನ್ನೂ, 1656ರಲ್ಲಿ ಮುಗಿದ ವಿಜಯಪುರದ ಗೋಳಗುಮ್ಮಟವನ್ನೂ ಈ ಗಾರೆಯೇ ಹಿಡಿದು ನಿಲ್ಲಿಸಿರುವುದು.

ಸುಣ್ಣದ ಗುಣವು ಗಮನಾರ್ಹವಾದುದು. 100 ಪಾಲು ಶುದ್ಧವಾದ ಸುಣ್ಣಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಅದರಿಂದ ಇಂಗಾಲಾಮ್ಲವಾಯುವು ಹೊರಟುಹೋಗಿ 56 ಪಾಲು ಸುಟ್ಟಸುಣ್ಣವು ಉಳಿಯುವುದು. ಅದಕ್ಕೆ ನೀರೆರೆದರೆ ಅರಳುವುದು. ಗೋಡೆಗೆ ಹಚ್ಚಿದ ಮೇಲೆ ಕಳೆದುಕೊಂಡ ವಾಯುವನ್ನು ಗಾಳಿಯಿಂದ ಮತ್ತೆ ಮೆಲ್ಲಮೆಲ್ಲನೆ ಪಡೆದು ಪುನಃ ಕಲ್ಲೇ ಆಗುವುದು. ಈ ಕಾರ್ಯವು ನಿಧಾನವಾಗಿ ನಡೆಯುವುದರಿಂದ ಪದರವು ಅರ್ಧ ಅಂಗುಲವನ್ನು ಮೀರಕೂಡದು. ಒಂದು ಪದರಕ್ಕೂ ಇನ್ನೊಂದಕ್ಕೂ ದಿನಗಳ ಅಂತರವಿರಬೇಕು.

ಸುಣ್ಣವನ್ನು ಅರಳಿಸುವಾಗ ನೀರು ಕುದಿದು ಸಿಡಿಯುವುದು. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯವಾದುದರಿಂದ ಮಕ್ಕಳನ್ನೂ ದನಗಳನ್ನೂ ದೂರವಿಟ್ಟು, ಕೆಲಸಗಾರರು ಕಣ್ಣಿಗೆ ಮರೆಯನ್ನು ಧರಿಸಿ ಈ ಕಾರ್ಯವನ್ನು ಮಾಡತಕ್ಕದ್ದು. ಅರಳಿದ ಸುಣ್ಣವನ್ನು ಸೋಸಿ, ನೀರಿನ ಕೆಳಗೆ ಎರಡು ವಾರವಾದರೂ ಗುಂಡಿಯಲ್ಲಿ ಇಡಬೇಕು. ಸರಿಯಾಗಿ ಅರಳದ ಹರಳುಗಳು ಗಾರೆಯಲ್ಲಿ ಉಳಿದರೆ, ಗೋಡೆಯ ಮೇಲೆ ತಿಂಗಳುಗಳ ತರುವಾಯ ಅರಳಿ ಗುಳ್ಳೆಗಳನ್ನು ಎಬ್ಬಿಸುವುವು. ಬಳಿಕ ಒಂದು ಪಾಲು ಸುಣ್ಣಕ್ಕೆ ಎರಡರಿಂದ ಮೂರು ಪಾಲು ತೊಳೆದ ಮರಳನ್ನು ಸೇರಿಸಿ ಚೆನ್ನಾಗಿ ಅರೆಯಬೇಕು. ಹೆಚ್ಚು ಮಳೆಯ ಕಡೆಯಲ್ಲಿ ಮರಳಿನ ಒಂದು ಭಾಗಕ್ಕೆ ಬದಲಾಗಿ ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿಯನ್ನು ಹಾಕಿದರೆ ಗಾರೆಯು ತೇವದಲ್ಲಿಯೂ ಗಟ್ಟಿಯಾಗುವುದು. ಹಿಂದಿನ ಗಾರೆಯವರು ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಸೇರಿಸುತ್ತಿದ್ದರು. ಎಳೆಯ ಗಾರೆಗೆ ಬಿಸಿಲು ತಾಗದಂತೆ ಗೋಣಿಯ ಮರೆ ಕಟ್ಟಿ, ಒಂದು ವಾರಕ್ಕೆ ಕಡಮೆಯಿಲ್ಲದೆ ತೇವವನ್ನು ಕಾಪಾಡಬೇಕು.

ಕರಾವಳಿ ಮಲೆನಾಡುಗಳ ಜಂಬಿಟ್ಟಿಗೆಯು ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದು. 1800ರಲ್ಲಿ ಮೈಸೂರಿನಿಂದ ಮಲಬಾರಿನ ಕಡೆಗೆ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಗುಣವನ್ನು ಗುರುತಿಸಿ, ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಮಾತಿನಿಂದ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಕಡಿದ ಕಲ್ಲನ್ನು ಕೂಡಲೇ ಕಟ್ಟದೆ ಕೆಲವು ತಿಂಗಳು ಗಾಳಿಗೆ ಇಡುವುದು ಒಳ್ಳೆಯದು. ಇದರಲ್ಲಿ ರಂಧ್ರಗಳು ಹೆಚ್ಚಾದುದರಿಂದ ಎರಚಲಿನ ಕಡೆಯ ಗೋಡೆಗೆ ಸುಣ್ಣದ ಗಾರೆಯು ಅವಶ್ಯಕ.

ಸಿಮೆಂಟಿನ ಗಿಲಾವು

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬವನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರವನ್ನು ಪಡೆದನು. ಈಗ ಅದು ಸಣ್ಣ ಊರಿನ ಅಂಗಡಿಗಳಲ್ಲಿಯೂ ದೊರೆಯುವುದು. ಸುಟ್ಟ ಇಟ್ಟಿಗೆ, ಕಾಂಕ್ರೀಟು, ಗಟ್ಟಿಕಲ್ಲು ಇವುಗಳ ಮೇಲೆ ಅದು ಒಳ್ಳೆಯ ಹೊದಿಕೆಯೇ ಸರಿ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು ಬೆರೆತ ಗಾರೆಯು ಬರಿಯ ಸಿಮೆಂಟಿನದಕ್ಕಿಂತ ಕಡಮೆ ಬಿರಿಯುವುದು. ಗಿಲಾವು ಮಾಡಿದ ಮೇಲೆ ಏಳು ದಿವಸವಾದರೂ ನೀರುಣಿಸತಕ್ಕದ್ದು.

ಆದರೆ ಮಣ್ಣಿನ ಗೋಡೆಯ ಮೇಲೆ ಸಿಮೆಂಟನ್ನು ಬಳಿಯುವ ಪದ್ಧತಿಯನ್ನು ಬಿಡಬೇಕು. ನೋಡುವುದಕ್ಕೆ ಅಂದವಾಗಿರುವುದೆಂದೂ, ವರ್ಷವರ್ಷವೂ ಸಾರಿಸುವ ಶ್ರಮವು ತಪ್ಪುವುದೆಂದೂ ಎಣಿಸಿ ಜನರು ಇದಕ್ಕೆ ಹಣವನ್ನು ಸುರಿಯುವರು. ಒಳಗಿನ ಮಣ್ಣು ಹಿಗ್ಗಿ ಕುಗ್ಗುವುದು. ಹೊರಗಿನ ಗಡುಸು ಪದರವು ಅದನ್ನು ಅನುಸರಿಸಲಾರದೆ ಕೂದಲೆಳೆಯಂತೆ ಬಿರಿಯುವುದು. ಆ ಬಿರುಕಿನಿಂದ ಮಳೆಯ ನೀರೂ, ಬುಡದಿಂದ ನೆಲದ ತೇವವೂ ಒಳಹೋಗುವುವು. ಆರುವುದಕ್ಕೆ ದಾರಿಯು ಮಾತ್ರ ಇಲ್ಲ. ಮಣ್ಣಿನ ಗಿಲಾವಾಗಿದ್ದರೆ ಕಲೆಯಾಗಿ, ಸವೆತವಾಗಿ ಕಣ್ಣಿಗೆ ಬೀಳುತ್ತಿದ್ದ ದೋಷವು ಸಿಮೆಂಟಿನ ಹಿಂದೆ ಅಡಗಿಕೊಳ್ಳುವುದು. ಹೊರಗೆ ಚಿಪ್ಪು ನೆಟ್ಟಗಿರುವಾಗಲೇ ಒಳಗೆ ಗೋಡೆಯು ಕೆಸರಾಗುವುದು. ಒಂದು ದಿನ ಸೂಚನೆಯಿಲ್ಲದೆ ಬೀಳುವುದು.

ಹೀಗೆ ಈಗಾಗಲೇ ಬಳಿದಿರುವವರು ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿ ನೋಡಬೇಕು. ಖಾಲಿ ಗಡಿಗೆಯಂತೆ ಸದ್ದಾದ ಕಡೆ ಗಿಲಾವು ಗೋಡೆಯನ್ನು ಬಿಟ್ಟಿದೆಯೆಂದು ತಿಳಿಯಬೇಕು. ಮಳೆಗಾಲವು ಕಳೆದ ಮೇಲೆ ಬುಡದಿಂದ ಎರಡು ಮೂರು ಅಡಿಯವರೆಗೆ ಸಿಮೆಂಟನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು, ಗೋಡೆಯನ್ನು ಕೆಲವು ವಾರ ಆರಬಿಟ್ಟು, ಮಣ್ಣಿನ ಗಿಲಾವನ್ನು ಹಾಕಿಸತಕ್ಕದ್ದು. ಗೋಡೆಯು ನೆನೆದಿರುವಾಗ ಈ ಕೆಲಸಕ್ಕೆ ಕೈಹಾಕಕೂಡದು.

ಮಲೆನಾಡಿನ ಎರಚಲಿಗೆ ತಟ್ಟಿ ಮತ್ತು ತಗಡು

ಚಳ್ಳಕೆರೆಯ ಕಡೆ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆಯಾದರೆ, ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಸುರಿಯುವುದು. ಆರಿದ್ರೆಯಿಂದ ಆಶ್ಲೇಷದವರೆಗೆ ಪಡುವಣ ಗಾಳಿಯು ಬಿಡದೆ ಹೊಡೆಯುವ ಸ್ಥಳಗಳಲ್ಲಿ ಗಿಲಾವೊಂದೇ ಸಾಲದು. ಗೋಡೆಗೆ ಬೇರೆಯ ಮರೆಯು ಬೇಕು.

ಅಡಕೆಯ ಸೋಗೆಯ ತಟ್ಟಿಯು ಮಲೆನಾಡಿನ ಹಳೆಯ ಉಪಾಯ. ಅಡಕೆ ದಬ್ಬೆಯ ಚೌಕಟ್ಟಿಗೆ ಸೋಗೆಯನ್ನು ಕೆಳಗಿನಿಂದ ಮೇಲಕ್ಕೆ ಸಾಲುಸಾಲಾಗಿ, ಮೇಲಿನ ಸಾಲು ಕೆಳಗಿನದನ್ನು ಮುಚ್ಚುವಂತೆ ಕಟ್ಟಬೇಕು. ತಟ್ಟಿಯನ್ನು ಗೋಡೆಗೆ ಒತ್ತಿ ನಿಲ್ಲಿಸದೆ ಗೇಣಗಲದ ಎಡೆಯನ್ನು ಬಿಡುವುದು ಮುಖ್ಯ. ಮಳೆಗಾಲವು ಮುಗಿದೊಡನೆ ಅದನ್ನು ಬಿಚ್ಚಿ ಗೋಡೆಗೆ ಬಿಸಿಲು ತೋರಿಸಬೇಕು. ಬೇಸಗೆಯವರೆಗೂ ಬಿಟ್ಟರೆ ಗೆದ್ದಲಿಗೂ ಬೆಂಕಿಗೂ ಆಸ್ಪದವಾಗುವುದು.

ಶಾಶ್ವತವಾದ ಮರೆಯನ್ನು ಬಯಸುವವರು ಸತುವು ಲೇಪಿಸಿದ ಕಬ್ಬಿಣದ ತಗಡನ್ನಾಗಲಿ, ಒಳ್ಳೆಯ ಮರದ ಹಲಗೆಯನ್ನಾಗಲಿ ಹಾಕಿಸಬಹುದು. ಕಲ್ನಾರಿನ ತಗಡನ್ನು ತರಬಾರದು. ಅದನ್ನು ಕೊಯ್ಯುವಾಗ ಏಳುವ ಧೂಳು ಪುಪ್ಪುಸಕ್ಕೆ ಸೇರಿ ಅರ್ಬುದವನ್ನು ಉಂಟುಮಾಡುವುದೆಂದು ವೈದ್ಯರು ನಿಶ್ಚಯಿಸಿರುವರು. ತಗಡು ಅಥವಾ ಹಲಗೆಯನ್ನು ಹೊಡೆಯುವಾಗ ಈ ಅಂಶಗಳನ್ನು ಪಾಲಿಸತಕ್ಕದ್ದು:

1. ಗೋಡೆಯು ಪೂರ್ಣವಾಗಿ ಒಣಗಿರಬೇಕು. ತೇವವನ್ನು ಒಳಗೆ ಮುಚ್ಚಿದರೆ ಹೊದಿಕೆಯೇ ಹಾನಿಗೆ ಕಾರಣವಾಗುವುದು.

2. ಗೋಡೆಗೆ ಮೊದಲು ರೀಪುಗಳನ್ನು ಬಡಿದು ಅವುಗಳ ಮೇಲೆ ಹೊದಿಕೆಯನ್ನು ಹೊಡೆಯಬೇಕು. ನಡುವೆ ಒಂದಂಗುಲಕ್ಕೆ ಕಡಮೆಯಿಲ್ಲದ ಎಡೆಯಿದ್ದು, ಕೆಳಗಿನಿಂದ ಹೊಕ್ಕ ಗಾಳಿಯು ಮೇಲೆ ಹೊರಡುವಂತಿರಬೇಕು. ರೀಪುಗಳು ಅಡ್ಡವಾಗಿದ್ದರೆ ನಡುನಡುವೆ ತುಂಡರಿಸಿ ಗಾಳಿಗೆ ದಾರಿ ಬಿಡತಕ್ಕದ್ದು.

3. ಕೆಲಸವು ಬುಡದಿಂದ ಆರಂಭವಾಗಿ ಮೇಲಕ್ಕೆ ಸಾಗಬೇಕು. ಮೇಲಿನ ತಗಡು ಕೆಳಗಿನದನ್ನು ಆರು ಅಂಗುಲ ಮುಚ್ಚಬೇಕು. ಪಕ್ಕದ ಕೂಡುಗಳು ಗಾಳಿಗೆ ಬೆನ್ನು ಮಾಡಿರಬೇಕು. ಅದಕ್ಕಾಗಿ ಗಾಳಿಯ ಮರೆಯ ತುದಿಯಿಂದ ಹೊದಿಸುತ್ತಾ ಬರಬೇಕು.

4. ಮೊಳೆಗಳು ಸತುವು ಲೇಪಿಸಿದವಾಗಿದ್ದು, ತಲೆಯ ಕೆಳಗೆ ಬಿಲ್ಲೆಯಿರಬೇಕು. ಹಲಗೆಯು ತೇವದಲ್ಲಿ ಹಿಗ್ಗುವುದರಿಂದ, ಒಂದರ ಮೇಲೊಂದು ಹೊಂದುವ ಕಡೆ ಎರಡಕ್ಕೂ ಸೇರಿಸಿ ಒಂದೇ ಮೊಳೆಯನ್ನು ಹೊಡೆಯಕೂಡದು. ಹೊಡೆದರೆ ಹಲಗೆಯು ಸೀಳುವುದು.

5. ಹೊದಿಕೆಯ ಕೆಳಅಂಚು ನೆಲದಿಂದ ಆರು ಅಂಗುಲ ಮೇಲಿರಬೇಕು. ನೆಲಕ್ಕೆ ತಾಗಿದ ಹಲಗೆಯು ಗೆದ್ದಲಿಗೆ ಏಣಿಯಾಗುವುದು.

6. ಕಿಟಕಿ ಬಾಗಿಲುಗಳ ನೆತ್ತಿಗೆ ತಗಡಿನ ಮಡಿಕೆಯನ್ನು ಹೊದಿಕೆಯ ಒಳಗಿನಿಂದ ತಂದು, ನೀರು ಹೊರಗೆ ಬೀಳುವಂತೆ ಬಾಗಿಸಬೇಕು. ನೀರು ಒಳಹೊಗುವುದು ಹೆಚ್ಚಾಗಿ ಇಲ್ಲಿಯೇ.

ಕೆಲಸದ ಕಾಲ ಮತ್ತು ವಾರ್ಷಿಕ ತಪಾಸಣೆ

ಹಿಂಗಾರು ಕಳೆದು ಗೋಡೆಗಳು ಆರಿದ ಮೇಲೆ, ಕಾರ್ತಿಕದಿಂದ ಮಾಘದವರೆಗೆ ಸುಣ್ಣದ ಗಾರೆಗೆ ಅನುಕೂಲವಾದ ಕಾಲ, ಬಿಸಿಲು ತೀಕ್ಷ್ಣವಾಗಿರುವುದಿಲ್ಲ. ಮಣ್ಣಿನ ಗಿಲಾವನ್ನು ಸುಗ್ಗಿಯ ತರುವಾಯ, ಹುಲ್ಲು ಹೊಟ್ಟುಗಳು ಹೇರಳವಾಗಿ ದೊರೆಯುವಾಗ ಮಾಡಬಹುದು. ಮುಂಗಾರಿಗೆ ಮುಂಚೆ ಒಂದು ಸಲ, ಹಿಂಗಾರು ಕಳೆದ ಮೇಲೆ ಒಂದು ಸಲ ಮನೆಯ ಸುತ್ತ ನಡೆದು ನೋಡುವುದು ಪ್ರತಿಯೊಬ್ಬ ಗೃಹಸ್ಥನ ಪದ್ಧತಿಯಾಗಬೇಕು. ಜಾರಿದ ಹೆಂಚು, ಮುಚ್ಚಿಹೋದ ಕಾಲುವೆ, ಇಲಿಯ ಬಿಲ, ಬಿರುಕಿನಲ್ಲಿ ಹುಟ್ಟಿದ ಅರಳಿಯ ಸಸಿ ಇವೆಲ್ಲವನ್ನೂ ಆಗಲೇ ಸರಿಪಡಿಸಿದರೆ ಖರ್ಚು ಅಲ್ಪ.

ಮುಖಂಡರ ಕರ್ತವ್ಯ

ಗ್ರಾಮದ ಮುಖಂಡರೂ ಭೂಮಾಲಿಕರೂ ತಮ್ಮ ಮನೆಯನ್ನು ಭದ್ರಪಡಿಸಿಕೊಂಡರೆ ಕರ್ತವ್ಯವು ಮುಗಿಯದು. ಅವರ ಜಮೀನಿನಲ್ಲಿ ದುಡಿಯುವವರ ಮನೆಗಳು ಅನೇಕ ವೇಳೆ ತಗ್ಗಿನಲ್ಲಿದ್ದು, ಸೂರು ಕಿರಿದಾಗಿ, ಪಾದವು ಕಲ್ಲಿಲ್ಲದೆ ಇರುವುವು. ಮೊದಲು ಬೀಳುವ ಮನೆಗಳೂ ಇವೇ. ನಾಲ್ಕಾರು ಗಾಡಿ ಕೆಮ್ಮಣ್ಣು, ಒಂದಿಷ್ಟು ಕಲ್ಲು, ಸ್ವಲ್ಪ ಸುಣ್ಣ ಇವನ್ನು ಒದಗಿಸಿಕೊಟ್ಟರೆ ಉಳಿದ ಕೆಲಸವನ್ನು ಆ ಜನರು ತಾವೇ ಮಾಡಿಕೊಳ್ಳಬಲ್ಲರು. ಬೀದಿಯ ಚರಂಡಿಯು ಮನೆಗಳ ಬುಡಕ್ಕೆ ಹರಿಯದಂತೆ ಗ್ರಾಮ ಪಂಚಾಯಿತಿಯ ಮೂಲಕ ಏರ್ಪಾಡು ಮಾಡಿಸುವುದೂ ಅವರಿಂದಲೇ ಸಾಧ್ಯ.

ಸತತವಾಗಿ ಮಳೆ ಹಿಡಿದಾಗ ಮುಖಂಡರು ಮನೆಮನೆಯ ಗೋಡೆಗಳನ್ನು ನೋಡಬೇಕು. ಗೋಡೆಯು ಹೊಟ್ಟೆ ಬಿಟ್ಟಿದ್ದರೆ, ಓರೆಯಾದ ಬಿರುಕು ದಿನದಿಂದ ದಿನಕ್ಕೆ ಅಗಲವಾಗುತ್ತಿದ್ದರೆ, ಬುಡದ ತೇವದ ಗೆರೆಯು ಮೇಲೇರುತ್ತಿದ್ದರೆ, ಬಾಗಿಲು ಏಕಾಏಕಿ ಬಿಗಿಯಾಗಿ ಹಾಕಲು ಬಾರದಿದ್ದರೆ, ಆ ಮನೆಯ ಜನರನ್ನೂ ದನಗಳನ್ನೂ ಅದೇ ಸಂಜೆ ಶಾಲೆಗೋ ಚಾವಡಿಗೋ ಸಾಗಿಸತಕ್ಕದ್ದು. ಮಳೆಯು ನಿಂತ ಮರುದಿನವೇ ಹಿಂತಿರುಗಗೊಡದೆ, ಗೋಡೆಯು ಆರಿ, ಅದನ್ನು ಪರೀಕ್ಷಿಸಿ ನೋಡಿದ ಮೇಲೆಯೇ ಒಳಗೆ ಬಿಡಬೇಕು. ಬಿದ್ದ ಗೋಡೆಯನ್ನು ಮತ್ತೆ ಕಟ್ಟಬಹುದು. ಅದರ ಕೆಳಗೆ ಸಿಕ್ಕಿದವರನ್ನು ಯಾರೂ ತಂದುಕೊಡಲಾರರು.